ಮಠ, ಚರ್ಚು, ಮದರಸಾದಲ್ಲಿ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ: ಯಾವ ಕಾನೂನು ದಾರಿ ಯಾರಿಗೆ?

ದೌರ್ಜನ್ಯ ಎಸಗಿದವರು ಊರೆಲ್ಲ ಕಾಲಿಗೆರಗುವ ಸ್ವಾಮೀಜಿಯೋ, ಪಾದ್ರಿಯೋ, ಉಸ್ತಾದರೋ, ಅರ್ಚಕರೋ ಆಗಿದ್ದರೆ ಮನೆಯವರಿಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನೇರ ಠಾಣೆಗೆ ಹೋಗಿ ಎನ್ನುವವರು ಕೆಲವರು, ಮೊದಲು ಆಡಳಿತ ಮಂಡಳಿಯ ಕಿವಿಗೆ ಹಾಕಿ ಎನ್ನುವವರು ಕೆಲವರು. ಪರಿಹಾರ ತೆಗೆದುಕೊಂಡು ಮಗುವನ್ನು ಬೇರೆ ಶಾಲೆಗೆ ಸೇರಿಸಿ ಎನ್ನುವವರೂ ಇರುತ್ತಾರೆ. ಇಪ್ಪತ್ತು ವರ್ಷ ಹಳೆಯ ನೋವನ್ನು ಈಗ ಬಾಯಿಬಿಟ್ಟು ಹೇಳಲು ಹೊರಟ ದೊಡ್ಡವರಿಗಂತೂ ‘ಕಾಲ ಮೀರಿಹೋಯಿತು’ ಎಂಬ ಒಂದೇ ಉತ್ತರ ಸಿಗುತ್ತದೆ. ಆ ಉತ್ತರ ಬಹಳ ಸಲ ತಪ್ಪು.

ದಾರಿಗಳನ್ನು ತೂಗುವ ಮೊದಲು ಐದು ಪ್ರಶ್ನೆ ಕೇಳಿಕೊಳ್ಳಿ. ಮಗು, ಅದರ ಜೊತೆಯ ಮಕ್ಕಳು ಇಂದು ರಾತ್ರಿ ಸುರಕ್ಷಿತವಾಗಿದ್ದಾರೆಯೇ? ಈ ದಾರಿಗೆ ಕಾಲಮಿತಿ ಇದೆಯೇ? ಕೊನೆಗೆ ಸಿಗುವುದು ಏನು: ಶಿಕ್ಷೆಯೇ, ಹಣವೇ, ಆ ವ್ಯಕ್ತಿ ಪೀಠದಿಂದ ಇಳಿಯುವುದೇ? ಒಮ್ಮೆ ಶುರುವಾದದ್ದನ್ನು ನಿಲ್ಲಿಸುವ ಅಧಿಕಾರ ನಮ್ಮ ಕೈಯಲ್ಲಿರುತ್ತದೆಯೇ? ಖರ್ಚು ಎಷ್ಟು, ಹೆಸರು ಎಷ್ಟು ಗುಟ್ಟಾಗಿ ಉಳಿಯುತ್ತದೆ?

ಮಗುವಿಗೆ ಈಗಲೂ 18 ತುಂಬಿಲ್ಲದಿದ್ದರೆ ಒಂದು ವಿಷಯದಲ್ಲಿ ಆಯ್ಕೆಯೇ ಇಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೊಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ವಿಷಯ ಗೊತ್ತಾದ ಯಾರೇ ಆಗಲಿ, ಶಿಕ್ಷಕರು, ವಾರ್ಡನ್, ವೈದ್ಯರು, ನೆಂಟರು, ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು. ತನ್ನ ಕೈಕೆಳಗಿನವರು ಮಾಡಿದ್ದನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ. ಧರ್ಮಗುರುಗಳಿಗೆಂದು ಕಾಯ್ದೆಯಲ್ಲಿ ವಿನಾಯಿತಿ ಬರೆದಿಲ್ಲ. ಹೇಳದೆ ಉಳಿದ ಮಗುವಿಗೆ ಮಾತ್ರ ಯಾವ ಶಿಕ್ಷೆಯೂ ಇಲ್ಲ. ಆದ್ದರಿಂದ ‘ಠಾಣೆಯೋ, ಆಡಳಿತ ಮಂಡಳಿಯೋ’ ಎಂದು ಯೋಚಿಸುತ್ತಿರುವ ಹಾಸ್ಟೆಲ್ ಸಿಬ್ಬಂದಿಗೆ ಉತ್ತರ ಒಂದೇ, ಠಾಣೆ. ಆಡಳಿತ ಮಂಡಳಿಗೆ ಹೇಳಿದ ಮಾತ್ರಕ್ಕೆ ಕರ್ತವ್ಯ ಮುಗಿಯುವುದಿಲ್ಲ.

ಪೊಲೀಸ್ ದೂರು

ಶಿಕ್ಷೆ ಬೇಕು, ಇತರ ಮಕ್ಕಳು ಉಳಿಯಬೇಕು ಎನ್ನುವವರಿಗೆ ಇದೇ ಮುಖ್ಯ ದಾರಿ. ಉಳಿದ ಹಲವು ಸೌಲಭ್ಯಗಳೂ ಎಫ್‌ಐಆರ್ ಆದ ಮೇಲೆಯೇ ಸುಲಭವಾಗಿ ತೆರೆದುಕೊಳ್ಳುತ್ತವೆ. ಸರ್ಕಾರವೇ ನಡೆಸುವ ಪ್ರಕರಣವಾದ್ದರಿಂದ ಕೋರ್ಟ್ ಶುಲ್ಕವಿಲ್ಲ, ಸರ್ಕಾರಿ ಅಭಿಯೋಜಕರಿಗೆ ಹಣ ಕೊಡಬೇಕಿಲ್ಲ.

ಘಟನೆ ನಡೆದ ಊರಿನ ಠಾಣೆಗೇ ಹೋಗಬೇಕೆಂದಿಲ್ಲ. ಪೀಠದ ಪ್ರಭಾವ ಇರುವ ಊರಿನಲ್ಲಿ ಹೋಗಲೂಬೇಡಿ. ಹಳೆಯ ಸಿಆರ್‌ಪಿಸಿಯ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ ಝೀರೋ ಎಫ್‌ಐಆರ್‌ಗೆ ಅವಕಾಶವಿದೆ. ಯಾವ ಠಾಣೆಯಲ್ಲಿ ಕೊಟ್ಟರೂ ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ಕಳುಹಿಸಬೇಕು. ಸ್ವಯಂಘೋಷಿತ ದೇವಮಾನವ ಆಸಾರಾಮ್ ವಿರುದ್ಧದ ಪ್ರಕರಣ ನಡೆದದ್ದು ಹೀಗೆಯೇ. 2013ರ ಆಗಸ್ಟ್‌ನಲ್ಲಿ ಜೋಧಪುರದ ಬಳಿಯ ಆಶ್ರಮದಲ್ಲಿ ನಡೆದ ಕೃತ್ಯಕ್ಕೆ ದೂರು ದಾಖಲಾದದ್ದು ದೆಹಲಿಯಲ್ಲಿ. 2018ರ ಏಪ್ರಿಲ್‌ನಲ್ಲಿ ಜೋಧಪುರದ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ಇ-ಮೇಲ್ ಮುಂತಾದ ವಿಧಾನದಲ್ಲಿ ದೂರು ಕಳಿಸಿದರೆ ಮೂರು ದಿನದೊಳಗೆ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ, ಅದನ್ನು ಕೈಗೆ ತೆಗೆದುಕೊಳ್ಳದೆ ಠಾಣೆಯಿಂದ ಹೊರಡಬೇಡಿ.

ದೂರಿನಲ್ಲಿ ಯಾವ ಕಲಮು ಹಾಕಿದ್ದಾರೆ ಎಂಬುದನ್ನು ಅಲ್ಲೇ ಓದಿ. ಧಾರ್ಮಿಕ ಅಥವಾ ಶಿಕ್ಷಣ ಸಂಸ್ಥೆಯ ಆಡಳಿತದವರು, ಸಿಬ್ಬಂದಿ ಆ ಸಂಸ್ಥೆಯಲ್ಲೇ ಎಸಗಿದ ಅತ್ಯಾಚಾರಕ್ಕೆ ಪೊಕ್ಸೊ ಕಾಯ್ದೆಯ 5(ಎಫ್) ಅನ್ವಯಿಸುತ್ತದೆ. ಭಕ್ತರ ಮನೆಯಲ್ಲೋ ಪ್ರವಾಸದಲ್ಲೋ ನಡೆದಿದ್ದರೆ ಈ ಕಲಮು ಸಾಲದೆ ಹೋಗಬಹುದು. ಆಗ ನಂಬಿಕೆ, ಅಧಿಕಾರದ ಸ್ಥಾನದಲ್ಲಿದ್ದವರ ಕೃತ್ಯಕ್ಕೆ ಇರುವ 5(ಪಿ), ಒಂದಕ್ಕಿಂತ ಹೆಚ್ಚು ಸಲ ನಡೆದಿದ್ದರೆ 5(ಎಲ್), ಮಗುವಿಗೆ 12 ತುಂಬಿರದಿದ್ದರೆ 5(ಎಂ) ಸೇರಿಸುವಂತೆ ಕೇಳಿ. ಇವೆಲ್ಲಕ್ಕೂ 6ನೇ ಕಲಮಿನಡಿ ಶಿಕ್ಷೆ. 2019ರ ಆಗಸ್ಟ್ 16ರ ತಿದ್ದುಪಡಿಯ ನಂತರ ನಡೆದಿದ್ದರೆ ಕನಿಷ್ಠ 20 ವರ್ಷ, ಅದಕ್ಕೂ ಮುಂಚೆ ನಡೆದಿದ್ದರೆ ಕನಿಷ್ಠ 10 ವರ್ಷ. ಮೈ ಮುಟ್ಟಿದಂಥ, ಅತ್ಯಾಚಾರವಲ್ಲದ ಕೃತ್ಯಗಳಿಗೆ 9ನೇ ಕಲಮಿನಲ್ಲೂ ಇದೇ ಉಪಕಲಮುಗಳಿವೆ, ಶಿಕ್ಷೆ 5ರಿಂದ 7 ವರ್ಷ.

ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಹೇಳಿದ ಜಾಗದಲ್ಲಿ, ಸಮವಸ್ತ್ರವಿಲ್ಲದೆ, ಆದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ ಪಡೆಯಬೇಕು. ರಾತ್ರಿ ಠಾಣೆಯಲ್ಲಿ ಮಗುವನ್ನು ಇಟ್ಟುಕೊಳ್ಳುವಂತಿಲ್ಲ. ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ, ಸಾಕ್ಷ್ಯ ಹೇಳುವಾಗ ಆರೋಪಿ ಮಗುವಿನ ಕಣ್ಣಿಗೆ ಬೀಳಬಾರದು. ತನಿಖೆಗೆ ಎರಡು ತಿಂಗಳು, ವಿಚಾರಣೆಗೆ ಸಾಧ್ಯವಾದಷ್ಟೂ ಒಂದು ವರ್ಷ ಎಂದು ಕಾನೂನು ಹೇಳುತ್ತದೆ. ಆದರೆ ಆ ಒಂದು ವರ್ಷವನ್ನು ನಂಬಿ ಮಗುವಿನ ಓದು, ಊರು ಬದಲಾವಣೆಯ ಲೆಕ್ಕ ಹಾಕಬೇಡಿ. ಮೇಲಿನ ಪ್ರಕರಣಕ್ಕೇ ಹಿಡಿದದ್ದು ನಾಲ್ಕೂವರೆ ವರ್ಷಕ್ಕಿಂತ ಹೆಚ್ಚು.

ಇದಕ್ಕೆ ತೆರಬೇಕಾದ ಬೆಲೆ ಎಂದರೆ ಹಿಡಿತ ಕೈತಪ್ಪುವುದು. ಎಫ್‌ಐಆರ್ ಆದ ಮೇಲೆ ಅದು ಸರ್ಕಾರದ ಪ್ರಕರಣ. ಮನಸ್ಸು ಬದಲಾಯಿತೆಂದು ಹಿಂತೆಗೆಯಲು ಆಗುವುದಿಲ್ಲ. ಮನೆಯವರು ರಾಜಿಯಾದರೆಂದು ಪೊಕ್ಸೊ ಪ್ರಕರಣವನ್ನು ರದ್ದು ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ, ಶಿಕ್ಷಕನೊಬ್ಬನ ವಿರುದ್ಧದ ರಾಜಸ್ಥಾನದ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಇದು ಒಳ್ಳೆಯದೇ. ‘ರಾಜಿ ಮಾಡಿಕೊಳ್ಳಿ’ ಎಂದು ಬಾಗಿಲಿಗೆ ಬರುವ ಮುಖಂಡರಿಗೆ ಹೇಳಲು ಇದಕ್ಕಿಂತ ಗಟ್ಟಿ ಉತ್ತರ ಇಲ್ಲ.

ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ದೂರನ್ನು ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಪೊಕ್ಸೊ ದೂರನ್ನು ದಾಖಲಿಸದಿರುವುದೂ 21ನೇ ಕಲಮಿನಡಿ ಅಪರಾಧ ಎಂದು ಅದರಲ್ಲೇ ಬರೆಯಿರಿ. ಅದಕ್ಕೂ ಫಲ ಸಿಗದಿದ್ದರೆ ಪೊಕ್ಸೊ ಪ್ರಕರಣಗಳನ್ನು ನಡೆಸುವ ವಿಶೇಷ ನ್ಯಾಯಾಲಯದಲ್ಲಿ ನೇರವಾಗಿ ಖಾಸಗಿ ದೂರು ಹಾಕಬಹುದು. ಇದಕ್ಕೆ ವಕೀಲರು ಬೇಕು, ಸಮಯ ಹೆಚ್ಚು ಹಿಡಿಯುತ್ತದೆ. ಪೊಲೀಸರು ಕದಲದಿದ್ದಾಗ ಮಾತ್ರ ಈ ದಾರಿ.

ಪ್ರಕರಣ ಎಲ್ಲಿ ಮುರಿಯುತ್ತದೆ

ಖುಲಾಸೆಗೆ ದಾರಿ ಮಾಡಿಕೊಡುವ ತಪ್ಪುಗಳು ಬಹುತೇಕ ಮೊದಲ ವಾರದಲ್ಲೇ ಆಗುತ್ತವೆ.

ಮೊದಲನೆಯದು ಮೊಬೈಲ್ ವೀಡಿಯೊ. ಸಂಘಟನೆಯವರು, ಊರಿನ ಹಿರಿಯರು, ವರದಿಗಾರರು ಒಬ್ಬರಾದ ಮೇಲೊಬ್ಬರು ಮಗುವನ್ನು ಕೂರಿಸಿ ‘ಏನಾಯ್ತು ಹೇಳಮ್ಮ’ ಎಂದು ಕೇಳುತ್ತಾರೆ, ರೆಕಾರ್ಡ್ ಮಾಡುತ್ತಾರೆ. ಮಗು ಒಂದು ಸಲ ‘ಎರಡು ಬಾರಿ’ ಎನ್ನುತ್ತದೆ, ಇನ್ನೊಂದು ಸಲ ಭಯದಲ್ಲಿ ‘ನೆನಪಿಲ್ಲ’ ಎನ್ನುತ್ತದೆ. ಪಾಟೀಸವಾಲಿನಲ್ಲಿ ಪ್ರತಿವಾದಿ ವಕೀಲರು ಅದೇ ವ್ಯತ್ಯಾಸಗಳನ್ನು ಒಂದೊಂದಾಗಿ ಎತ್ತಿ ಹಿಡಿಯುತ್ತಾರೆ. ಮಗು ಮೊದಲು ಯಾರ ಬಳಿ ಹೇಳಿಕೊಂಡಿತೋ ಅವರು ಮಗುವಿನದೇ ಮಾತಿನಲ್ಲಿ, ದಿನಾಂಕ ಹಾಕಿ ಬರೆದಿಟ್ಟುಕೊಂಡರೆ ಸಾಕು. ಮುಂದಿನ ಪ್ರಶ್ನೆ ಕೇಳುವುದು ಅಧಿಕಾರಿ ಮತ್ತು ಮ್ಯಾಜಿಸ್ಟ್ರೇಟರ ಕೆಲಸ.

ದಿನಾಂಕ ನೆನಪಿಲ್ಲದಿದ್ದರೆ ಊಹಿಸಿ ಬರೆಸಬೇಡಿ. ‘ಎಂಟನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆ ಮುಗಿದ ವಾರ’, ‘ಜಾತ್ರೆಯ ಮರುದಿನ, ತೇರು ಇನ್ನೂ ಬೀದಿಯಲ್ಲೇ ಇತ್ತು’ ಎಂದು ಬರೆದರೆ ಅದು ನಿಜವೂ ಹೌದು, ಹಾಜರಿ ಪುಸ್ತಕದೊಂದಿಗೆ ತಾಳೆ ನೋಡಲೂ ಬರುತ್ತದೆ. ತಪ್ಪು ದಿನಾಂಕ ಬರೆಸಿದರೆ ಆ ದಿನ ಆರೋಪಿ ಬೇರೆ ಊರಿನಲ್ಲಿದ್ದರು ಎಂಬ ದಾಖಲೆ ಹಾಜರಾಗುತ್ತದೆ.

ವಯಸ್ಸಿನ ದಾಖಲೆ ಇನ್ನೊಂದು. ಬಾಲನ್ಯಾಯ ಕಾಯ್ದೆಯ 94ನೇ ಕಲಮು ಕ್ರಮ ಹೇಳಿದೆ: ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ಪಾಲಿಕೆ, ಪುರಸಭೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಾಗ ಮಾತ್ರ ಮೂಳೆ ಪರೀಕ್ಷೆ. ಶಾಲೆಯ ಟಿಸಿ ಮಾತ್ರ ಸಾಲದು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಆಧಾರ್ ಈ ಪಟ್ಟಿಯಲ್ಲೇ ಇಲ್ಲ. ಮಗುವಿಗೆ 17 ದಾಟಿದ್ದರೆ ಇಡೀ ಪ್ರಕರಣ ಈ ಒಂದು ಕಾಗದದ ಮೇಲೆ ನಿಂತಿರುತ್ತದೆ.

ಘಟನೆ ನಡೆದು ಮೂರು ದಿನದೊಳಗಾದರೆ ಸ್ನಾನ ಮಾಡಿಸದೆ ಆಸ್ಪತ್ರೆಗೆ ಕರೆದೊಯ್ಯಿರಿ. ಬಟ್ಟೆಯನ್ನು ಒಗೆಯದೆ ಕಾಗದದ ಚೀಲದಲ್ಲಿ ಇಡಿ. ಪ್ಲಾಸ್ಟಿಕ್‌ನಲ್ಲಿ ತೇವ ಹಿಡಿದು ಬೂಷ್ಟು ಬಂದು ಜೈವಿಕ ಸಾಕ್ಷ್ಯ ಹಾಳಾಗುತ್ತದೆ. ಎಫ್‌ಐಆರ್ ಆಗಿಲ್ಲ ಎಂದು ಆಸ್ಪತ್ರೆಯವರು ವಾಪಸ್ ಕಳಿಸುವಂತಿಲ್ಲ, ಖಾಸಗಿ ಆಸ್ಪತ್ರೆಯೂ ಉಚಿತವಾಗಿ ಚಿಕಿತ್ಸೆ ಕೊಡಬೇಕು. ಹುಡುಗಿಯನ್ನು ಮಹಿಳಾ ವೈದ್ಯರೇ ಪರೀಕ್ಷಿಸಬೇಕು. ಎರಡು ಬೆರಳಿನ ಪರೀಕ್ಷೆ ಮಾಡುವುದು ದುರ್ನಡತೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಸಿಸಿಟಿವಿ ದೃಶ್ಯಗಳು ಕೆಲವೇ ವಾರಗಳಲ್ಲಿ ಅಳಿಸಿಹೋಗುತ್ತವೆ, ಆದ್ದರಿಂದ ಡಿವಿಆರ್ (ದೃಶ್ಯ ಉಳಿಸಿಡುವ ಯಂತ್ರ), ಹಾಸ್ಟೆಲ್ ಹಾಜರಿ ಪುಸ್ತಕ, ಸಂದರ್ಶಕರ ಪುಸ್ತಕ ವಶಪಡಿಸಿಕೊಳ್ಳುವಂತೆ ದೂರಿನಲ್ಲೇ ಕೋರಿ.

ಇಂಥ ಭೌತಿಕ ಸಾಕ್ಷ್ಯ ಎಷ್ಟು ಮುಖ್ಯ ಎಂಬುದಕ್ಕೆ ಕೇರಳದ ಕೊಟ್ಟಿಯೂರಿನ ಪಾದ್ರಿಯ ಪ್ರಕರಣ ನೋಡಿ. ಸಂತ್ರಸ್ತೆಯೇ ವಿಚಾರಣೆಯಲ್ಲಿ ಪ್ರತಿಕೂಲ ಸಾಕ್ಷಿಯಾದರೂ ಡಿಎನ್‌ಎ ವರದಿಯ ಬಲದಿಂದ ತಲಶ್ಶೇರಿಯ ನ್ಯಾಯಾಲಯ 2019ರಲ್ಲಿ ಶಿಕ್ಷೆ ವಿಧಿಸಿತು. ಮುಂದೆ ಸಂತ್ರಸ್ತೆ ಮತ್ತು ಪಾದ್ರಿ ಮದುವೆಯಾಗುತ್ತೇವೆಂದು ಕೋರಿದ್ದಕ್ಕೆ ಸುಪ್ರೀಂ ಕೋರ್ಟ್ 2021ರಲ್ಲಿ ಒಪ್ಪಲಿಲ್ಲ.

ಬೆದರಿಕೆ ಬಂದರೆ 2018ರ ಸಾಕ್ಷಿ ರಕ್ಷಣಾ ಯೋಜನೆಯಡಿ ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿಗೆ ಅರ್ಜಿ ಕೊಡಿ. ಆಸಾರಾಮ್ ಪ್ರಕರಣಗಳ ಸಾಕ್ಷಿಗಳ ಮೇಲೆ ನಡೆದ ದಾಳಿ, ಕೊಲೆಗಳ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಅರ್ಜಿಯಿಂದಲೇ ಈ ಯೋಜನೆ ಜಾರಿಯಾದದ್ದು. ಬಂದ ಕರೆಗಳ ಸಂಖ್ಯೆ, ಸಮಯ ಬರೆದಿಟ್ಟಿದ್ದರೆ ಅರ್ಜಿಗೆ ಬಲ.

ಮಕ್ಕಳ ಕಲ್ಯಾಣ ಸಮಿತಿ ಮತ್ತು 1098

ಇದು ಪೊಲೀಸ್ ದೂರಿಗೆ ಬದಲಿಯಲ್ಲ, ಅದರ ಜೊತೆಗೆ ಬೇಕಾದದ್ದು. ಮಗು ಇನ್ನೂ ಸಂಸ್ಥೆಯ ಹಾಸ್ಟೆಲಿನಲ್ಲೇ ಇದ್ದರೆ, ಅಥವಾ ಠಾಣೆಗೆ ಹೋಗಲು ಮನೆಯವರಿಗೆ ಧೈರ್ಯ ಸಾಲದಿದ್ದರೆ ಮೊದಲ ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ಮಾಡಿ. ಹಗಲು ರಾತ್ರಿ ಉಚಿತ. ಆದರೆ ಮಾಹಿತಿ ಅಲ್ಲಿಂದ ಪೊಲೀಸರಿಗೆ ಹೋಗುತ್ತದೆ ಎಂಬುದು ತಿಳಿದಿರಲಿ.

ಪೊಲೀಸರು 24 ಗಂಟೆಯೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಮಾಡಬೇಕು. ಹೆತ್ತವರ ಆಸರೆಯಿಲ್ಲದೆ ಸಂಸ್ಥೆಯಲ್ಲಿರುವ ಮಗುವನ್ನು ಸಮಿತಿಯ ಮುಂದೆಯೇ ಹಾಜರುಪಡಿಸಬೇಕು, ಮಗುವನ್ನು ಅಲ್ಲಿಂದ ಹೊರತರಬೇಕೇ ಎಂದು ಸಮಿತಿ ಮೂರು ದಿನದಲ್ಲಿ ತೀರ್ಮಾನಿಸುತ್ತದೆ. ಸಮಿತಿಯಿಂದ ಕೇಳಿ ಪಡೆಯಬೇಕಾದ್ದು ಎರಡು. ಮೊದಲನೆಯದು ಬೆಂಬಲ ವ್ಯಕ್ತಿ: ಆಸ್ಪತ್ರೆ, ಠಾಣೆ, ಕೋರ್ಟಿಗೆ ಮಗುವಿನ ಜೊತೆ ಬರುವವರು, ಪ್ರಕರಣ ಎಲ್ಲಿಗೆ ಬಂತು, ಜಾಮೀನು ಅರ್ಜಿ ಯಾವಾಗ ಎಂದು ಮನೆಯವರಿಗೆ ತಿಳಿಸುವವರು. ಎರಡನೆಯದು ಊಟ, ಬಟ್ಟೆ, ಓಡಾಟದ ಖರ್ಚಿಗೆ ತಕ್ಷಣದ ಹಣ. ಕೇಳದಿದ್ದರೆ ಎರಡೂ ತಾನಾಗಿ ಬರುವುದು ಅಪರೂಪ.

ಸರ್ಕಾರದ ಪರಿಹಾರ

ಈ ದಾರಿಯ ಬಗ್ಗೆ ಜನರಿಗೆ ಗೊತ್ತಿರುವುದು ತೀರಾ ಕಡಿಮೆ. ಆರೋಪಿಗೆ ಶಿಕ್ಷೆಯಾಗುವವರೆಗೆ ಕಾಯಬೇಕಿಲ್ಲ. ಎಫ್‌ಐಆರ್ ಆದ ಮೇಲೆ ಯಾವ ಹಂತದಲ್ಲಾದರೂ ವಿಶೇಷ ನ್ಯಾಯಾಲಯ ಮಧ್ಯಂತರ ಪರಿಹಾರ ಕೊಡಬಹುದು. ಆರೋಪಿ ಖುಲಾಸೆಯಾದರೂ, ಪತ್ತೆಯೇ ಆಗದಿದ್ದರೂ ಮಗುವಿಗೆ ಹಾನಿಯಾಗಿದೆ ಎಂದು ಕಂಡರೆ ಪರಿಹಾರ ಕೊಡಲು 2020ರ ಪೊಕ್ಸೊ ನಿಯಮಗಳ 9ನೇ ನಿಯಮದಲ್ಲಿ ಅವಕಾಶವಿದೆ. ಆದೇಶ ಕೈಸೇರಿದ 30 ದಿನದೊಳಗೆ ಸರ್ಕಾರ ಹಣ ಕೊಡಬೇಕು.

ಮೊತ್ತಕ್ಕೆ ಮಾರ್ಗಸೂಚಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ 2018ರ ಯೋಜನೆ: ಅತ್ಯಾಚಾರಕ್ಕೆ 4ರಿಂದ 7 ಲಕ್ಷ ರೂಪಾಯಿ, ಸಂತ್ರಸ್ತರು ಅಪ್ರಾಪ್ತರಾದರೆ ಶೇ 50ರಷ್ಟು ಹೆಚ್ಚು. ಹುಡುಗರಿಗೂ ಇದೇ ಮಾರ್ಗಸೂಚಿ ಅನ್ವಯಿಸಬೇಕೆಂದು ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಅಪ್ರಾಪ್ತರ ಹಣದಲ್ಲಿ ಶೇ 80 ಠೇವಣಿಯಲ್ಲಿ ಇರುತ್ತದೆ, 18 ತುಂಬುವವರೆಗೆ, ಕನಿಷ್ಠ ಮೂರು ವರ್ಷ ತೆಗೆಯಲಾಗದು. ಹೀಗಾಗಿ ಈಗಿನ ಚಿಕಿತ್ಸೆ, ಶಾಲಾ ಶುಲ್ಕದ ಅಂದಾಜನ್ನು ಅರ್ಜಿಯಲ್ಲಿ ಬೇರೆಯಾಗಿ ಬಿಲ್ಲುಗಳ ಸಮೇತ ತೋರಿಸಿ.

ಅರ್ಜಿ ಕೊಡಬೇಕಾದ್ದು ವಿಶೇಷ ನ್ಯಾಯಾಲಯಕ್ಕೆ ಅಥವಾ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ. ಅಲ್ಲೇ ಉಚಿತ ವಕೀಲರನ್ನೂ ಕೇಳಬಹುದು, ಸಹಾಯವಾಣಿ 15100. ಮಕ್ಕಳಿಗೆ, ಮಹಿಳೆಯರಿಗೆ ಆದಾಯ ಎಷ್ಟಿದ್ದರೂ ಈ ನೆರವು ಉಚಿತ. ವಯಸ್ಕ ಗಂಡಸರಿಗೆ ಮಾತ್ರ ಆದಾಯ ಮಿತಿ ಅಥವಾ ಪರಿಶಿಷ್ಟ ಜಾತಿ, ಪಂಗಡದಂಥ ಬೇರೆ ಅರ್ಹತೆ ಬೇಕಾಗುತ್ತದೆ.

ಸಂಸ್ಥೆಯ ವಿರುದ್ಧ ಸಿವಿಲ್ ದಾವೆ

ವ್ಯಕ್ತಿಯನ್ನಷ್ಟೇ ಅಲ್ಲ, ಗೊತ್ತಿದ್ದೂ ಸುಮ್ಮನಿದ್ದ ಟ್ರಸ್ಟನ್ನೂ ಹೊಣೆ ಮಾಡಿ ದೊಡ್ಡ ಮೊತ್ತದ ನಷ್ಟಪರಿಹಾರ ಕೇಳಬಹುದಾದ ದಾರಿ ಇದೊಂದೇ. ಕ್ರಿಮಿನಲ್ ಪ್ರಕರಣದಷ್ಟು ಕಟ್ಟುನಿಟ್ಟಿನ ರುಜುವಾತೂ ಬೇಡ. ಆದರೂ ನಮ್ಮಲ್ಲಿ ಇಂಥ ದಾವೆಗಳು ವಿರಳ. ಕೇಳುವ ಮೊತ್ತಕ್ಕೆ ತಕ್ಕಂತೆ ಕೋರ್ಟ್ ಶುಲ್ಕ ಕಟ್ಟಬೇಕು (ನಿರ್ಗತಿಕರಿಗೆ ವಿನಾಯಿತಿ ಕೋರಲು ಅವಕಾಶವಿದೆ), ಅದು ವರ್ಷಗಟ್ಟಲೆ ಎಳೆಯುತ್ತದೆ, ಹಿಂದೆಯೂ ದೂರು ಬಂದಿತ್ತು ಎಂದು ತೋರಿಸುವ ಕಾಗದಗಳು ಎದುರಾಳಿಯ ಕಪಾಟಿನಲ್ಲೇ ಇರುತ್ತವೆ.

ಎಲ್ಲಕ್ಕಿಂತ ಬೇಗ ಮುಚ್ಚುವ ಬಾಗಿಲೂ ಇದೇ. ಬಾಲ್ಯದಲ್ಲಾದ ಹಾನಿಗೆ ಕಾಲಮಿತಿಯ ಲೆಕ್ಕ 18 ತುಂಬಿದ ದಿನದಿಂದ ಶುರುವಾಗಿ ಸಾಮಾನ್ಯವಾಗಿ ಮೂರು ವರ್ಷಕ್ಕೆ, ಅಂದರೆ 21ನೇ ವಯಸ್ಸಿಗೆ ಮುಗಿಯುತ್ತದೆ. 19, 20ರ ಹರೆಯದವರು ಬೇರೆಲ್ಲಕ್ಕಿಂತ ಮೊದಲು ಈ ಪ್ರಶ್ನೆಯನ್ನು ವಕೀಲರ ಬಳಿ ಎತ್ತಬೇಕು.

ಸಂಸ್ಥೆಯೊಳಗಿನ ದೂರು

ಆ ವ್ಯಕ್ತಿ ಧರ್ಮದ ಹೆಸರಿನಲ್ಲಿ ಇನ್ನು ಯಾವ ಮಗುವಿನ ಬಳಿಗೂ ಹೋಗಬಾರದು ಎಂಬುದು ನಿಮ್ಮ ಮುಖ್ಯ ಬಯಕೆಯಾದರೆ ಇದಕ್ಕೂ ಬೆಲೆಯಿದೆ. ಆದರೆ ಇದು ಮೊದಲ ಹೆಜ್ಜೆಯಾಗಲೇಬಾರದು. ಒಳಗೆ ಹೇಳಿದ ದಿನವೇ ಕಡತ ತಿದ್ದಲು, ಸಾಕ್ಷಿಗಳನ್ನು ಊರು ಬಿಡಿಸಲು, ಆ ವ್ಯಕ್ತಿಯನ್ನು ಇನ್ನೊಂದು ಶಾಖೆಗೆ ವರ್ಗ ಮಾಡಲು ಸಮಯ ಸಿಗುತ್ತದೆ. ಎಫ್‌ಐಆರ್ ಪ್ರತಿ ಕೈಯಲ್ಲಿಟ್ಟುಕೊಂಡು ನಂತರ ಬರೆಯಿರಿ.

ಕ್ಯಾಥೊಲಿಕ್ ಚರ್ಚಿನಲ್ಲಿ ಲಿಖಿತ ವ್ಯವಸ್ಥೆ ಇದೆ. ಪೋಪ್ ಫ್ರಾನ್ಸಿಸ್ 2019ರಲ್ಲಿ ಹೊರಡಿಸಿ 2023ರಲ್ಲಿ ಕಾಯಂ ಮಾಡಿದ ‘ವೋಸ್ ಎಸ್ತಿಸ್ ಲುಕ್ಸ್ ಮುಂದಿ’ ನಿಯಮದಂತೆ ಪ್ರತಿ ಧರ್ಮಪ್ರಾಂತ್ಯದಲ್ಲೂ ದೂರು ಸ್ವೀಕರಿಸುವ ಏರ್ಪಾಡು ಇರಬೇಕು, ದೂರು ಕೊಟ್ಟವರ ಮೇಲೆ ಮೌನದ ಷರತ್ತು ಹೇರುವಂತಿಲ್ಲ. ಚರ್ಚಿನ ಕಾನೂನಿನ ಕಾಲಮಿತಿ ಸಂತ್ರಸ್ತರಿಗೆ 18 ತುಂಬಿ 20 ವರ್ಷ, ಅದನ್ನೂ ವ್ಯಾಟಿಕನ್ ಸಡಿಲಿಸಬಹುದು. ಅತಿ ಹೆಚ್ಚೆಂದರೆ ಪಾದ್ರಿ ಪಟ್ಟ ಹೋಗುತ್ತದೆ. ಜೈಲು ಇಲ್ಲ.

ಮಠಗಳಲ್ಲಿ ಇಂಥ ಸಮಾನ ವ್ಯವಸ್ಥೆ ಇಲ್ಲ. ಕರ್ನಾಟಕದ 1997ರ ಧಾರ್ಮಿಕ ದತ್ತಿ ಕಾಯ್ದೆಯ ವ್ಯಾಪ್ತಿಯಿಂದ ಮಠಗಳು ಹೊರಗಿವೆ. ಸಾರ್ವಜನಿಕ ಟ್ರಸ್ಟಿನ ಮುಖ್ಯಸ್ಥರನ್ನು ಇಳಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ, ಹಿತಾಸಕ್ತಿಯುಳ್ಳ ಇಬ್ಬರಾದರೂ ಸೇರಿ ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಬೇಕು. ಅದು ಭಕ್ತರ ಹೋರಾಟ, ಅದರ ಭಾರವನ್ನು ಸಂತ್ರಸ್ತರ ಹೆಗಲಿಗೆ ಹಾಕಬಾರದು. ಮದರಸಾಗಳಲ್ಲಿ ಸ್ಥಳೀಯ ಸಮಿತಿ ಉಸ್ತಾದರನ್ನು ಕೆಲಸದಿಂದ ತೆಗೆಯಬಹುದು, ಆದರೆ ಮುಂದಿನ ಊರಿನ ಮದರಸಾಕ್ಕೆ ಅದು ಗೊತ್ತಾಗುವುದು ಎಫ್‌ಐಆರ್ ಇದ್ದಾಗ ಮಾತ್ರ.

ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಬರೆಯಬಹುದು. ಅದು ವಿಚಾರಿಸಿ ಶಿಫಾರಸು ಮಾಡುತ್ತದೆ, ಶಿಕ್ಷೆ ವಿಧಿಸುವುದಿಲ್ಲ. ತನಿಖೆ ನಿಧಾನವಾದಾಗ ಅಧಿಕಾರಿಗಳನ್ನು ಎಚ್ಚರಿಸಲು ಉಪಯೋಗ.

ಈಗ ದೊಡ್ಡವರಾಗಿರುವ ಸಂತ್ರಸ್ತರಿಗೆ

ನಿಮಗೆ ಅನ್ವಯಿಸುವುದು ಕೃತ್ಯ ನಡೆದ ದಿನ ಜಾರಿಯಲ್ಲಿದ್ದ ಕಾನೂನು. 2012ರ ನವೆಂಬರ್ 14ರ ನಂತರದ್ದಾದರೆ ಪೊಕ್ಸೊ, ಹುಡುಗ ಹುಡುಗಿ ಎಂಬ ಭೇದವಿಲ್ಲದೆ. ಮೂರು ವರ್ಷಕ್ಕಿಂತ ಹೆಚ್ಚು ಶಿಕ್ಷೆಯಿರುವ ಅಪರಾಧಗಳಿಗೆ ಕಾಲಮಿತಿಯೇ ಇಲ್ಲ. ಪೊಕ್ಸೊದ ಗಂಭೀರ ಅಪರಾಧಗಳೆಲ್ಲ ಇದರೊಳಗೆ ಬರುತ್ತವೆ, ಕೇಂದ್ರ ಸರ್ಕಾರವೂ 2018ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಮೈ ಮುಟ್ಟದೆ ಮಾಡಿದ ಕಿರುಕುಳಕ್ಕೆ (12ನೇ ಕಲಮು) ಮಾತ್ರ ಮೂರು ವರ್ಷದ ಮಿತಿ.

2012ಕ್ಕೂ ಹಿಂದಿನದಾದರೆ ಹಳೆಯ ಭಾರತೀಯ ದಂಡ ಸಂಹಿತೆ. ಅತ್ಯಾಚಾರದ 376, ಹುಡುಗರ ಪ್ರಕರಣಗಳಿಗೆ 377, ಎರಡಕ್ಕೂ ಕಾಲಮಿತಿಯಿಲ್ಲ. ಹೆಣ್ಣಿನ ಮಾನಭಂಗಕ್ಕೆ ಸಂಬಂಧಿಸಿದ ಅಂದಿನ 354ನೇ ಕಲಮಿಗೆ ಶಿಕ್ಷೆ ಎರಡೇ ವರ್ಷವಿದ್ದುದರಿಂದ ಮಿತಿ ಮುಗಿದಿರುತ್ತದೆ, ನ್ಯಾಯಾಲಯ ವಿಳಂಬವನ್ನು ಮನ್ನಿಸಿದರೆ ಮಾತ್ರ ದಾರಿ.

ಕಾಲಮಿತಿ ಇಲ್ಲ ಎಂದ ಮಾತ್ರಕ್ಕೆ ರುಜುವಾತು ಸುಲಭವಲ್ಲ. ಹಳೆಯ ಡೈರಿ, ಸ್ನೇಹಿತರಿಗೆ ಬರೆದ ಪತ್ರ, ಆಪ್ತ ಸಮಾಲೋಚಕರ ದಾಖಲೆ, ಅದೇ ಹಾಸ್ಟೆಲಿನಲ್ಲಿದ್ದ ಇನ್ನೊಬ್ಬರ ಇಂಥದೇ ಅನುಭವ ಇವೆಲ್ಲ ಬಲ ಕೊಡುತ್ತವೆ. ಆ ವ್ಯಕ್ತಿ ಈಗಲೂ ಮಕ್ಕಳ ನಡುವೆ ಇದ್ದಾರೆಯೇ ಎಂಬುದು ತೀರ್ಮಾನವನ್ನು ಬದಲಿಸಬೇಕಾದ ಸಂಗತಿ. ಇದ್ದರೆ ರುಜುವಾತು ದುರ್ಬಲವಾಗಿದ್ದರೂ ದೂರು ಕೊಡುವುದೇ ಮೇಲು. ಇಲ್ಲದಿದ್ದರೆ, ದೂರು ಕೊಡುವುದೂ ಬಿಡುವುದೂ ನಿಮ್ಮ ಹಕ್ಕು, ಯಾರ ಒತ್ತಾಯಕ್ಕೂ ಮಣಿಯಬೇಡಿ. ಇನ್ನೂ ನಿರ್ಧರಿಸಿಲ್ಲ ಎಂದಾದರೆ ಮೊದಲು ವಕೀಲರೊಡನೆ ಮಾತಾಡಿ, ಅವರೊಡನೆ ಆಡಿದ ಮಾತಿಗೆ ಕಾನೂನಿನ ರಕ್ಷಣೆಯಿದೆ. ಸಮಾಲೋಚಕರಾದರೆ, ಹೇಳುವ ಮೊದಲೇ ‘ನೀವು ಪೊಲೀಸರಿಗೆ ವರದಿ ಮಾಡಬೇಕಾಗುತ್ತದೆಯೇ’ ಎಂದು ಕೇಳಿ. ಮನಸ್ಸು ತೀರಾ ಕುಸಿದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಹೊರದೇಶದಲ್ಲಿರುವ ಕನ್ನಡಿಗರೂ ಇಲ್ಲಿ ನಡೆದ ಕೃತ್ಯಕ್ಕೆ ಇಲ್ಲಿಯೇ ದೂರು ಕೊಡಬಹುದು, ಸಾಕ್ಷ್ಯವನ್ನು ವೀಡಿಯೊ ಮೂಲಕ ಹೇಳಲು ಅನುಮತಿ ಕೋರಬಹುದು. ಕೃತ್ಯ ಅಲ್ಲೇ ನಡೆದಿದ್ದರೆ ಆ ದೇಶದ ದಾರಿ ಬೇರೆ: ಆಸ್ಟ್ರೇಲಿಯಾದಲ್ಲಿ 2018ರ ಜುಲೈಗೂ ಹಿಂದಿನ ಕೃತ್ಯಗಳಿಗೆ ರಾಷ್ಟ್ರೀಯ ಪರಿಹಾರ ಯೋಜನೆಯಿದೆ, ಗರಿಷ್ಠ 1,50,000 ಆಸ್ಟ್ರೇಲಿಯನ್ ಡಾಲರ್, ಅರ್ಜಿಗೆ ಕೊನೆಯ ದಿನ 2027ರ ಜೂನ್ 30.

ಹೆಸರು, ಮತ್ತು ತೀರ್ಪಿನ ನಂತರ

ಮಗುವಿನ ಹೆಸರು, ಫೋಟೊ, ಮನೆಯವರು, ಶಾಲೆ, ಬಡಾವಣೆ, ಗುರುತು ಸಿಗುವಂಥ ಯಾವುದನ್ನೂ ಮಾಧ್ಯಮಗಳು ಪ್ರಕಟಿಸುವಂತಿಲ್ಲ. ನ್ಯಾಯ ಕೇಳಲು ಪತ್ರಿಕಾಗೋಷ್ಠಿ ಕರೆಯುವ ಬೆಂಬಲಿಗರೇ ಇದನ್ನು ಮರೆಯುವುದುಂಟು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಫ್‌ಐಆರ್ ಪ್ರತಿ ಹರಿಬಿಡುವುದಂತೂ ಮಗುವಿಗೆ ಮಾಡುವ ಎರಡನೇ ಅನ್ಯಾಯ.

‘ಸಾಬೀತಾಗದಿದ್ದರೆ ನಮ್ಮ ಮೇಲೆಯೇ ಕೇಸು’ ಎಂಬ ಹೆದರಿಕೆಗೆ ಆಧಾರ ಕಡಿಮೆ. ಸುಳ್ಳು ದೂರಿಗೆ ಶಿಕ್ಷೆ ಹೇಳುವ ಪೊಕ್ಸೊದ 22ನೇ ಕಲಮು ಮಗುವಿಗೆ ಅನ್ವಯಿಸುವುದೇ ಇಲ್ಲ. ದೊಡ್ಡವರಿಗೂ, ಮಾನ ಕಳೆಯಲು ಅಥವಾ ಹಣ ಕೀಳಲೆಂದೇ ಸುಳ್ಳು ಹೇಳಿದ್ದು ಬೇರೆಯಾಗಿ ರುಜುವಾತಾದರೆ ಮಾತ್ರ ಅನ್ವಯಿಸುತ್ತದೆ. ಆರೋಪಿ ಖುಲಾಸೆಯಾದರೆ ಸರ್ಕಾರ ಮೇಲ್ಮನವಿ ಹಾಕದಿದ್ದರೂ ಸಂತ್ರಸ್ತರು ತಾವೇ ಹೈಕೋರ್ಟಿಗೆ ಹೋಗಬಹುದು. ಕಡಿಮೆ ಅಪರಾಧಕ್ಕೆ ಇಳಿಸಿ ಶಿಕ್ಷೆ ಕೊಟ್ಟರೂ, ಪರಿಹಾರ ಸಾಲದೆಂದು ಕಂಡರೂ ಈ ಹಕ್ಕಿದೆ. ತೀರ್ಪು ಬಂದ ದಿನವೇ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ, ಹೈಕೋರ್ಟ್ ಕಾನೂನು ಸೇವೆಗಳ ಸಮಿತಿಯಲ್ಲಿ ಉಚಿತ ವಕೀಲರನ್ನು ಕೇಳಿ.